ನಾಲ್ಕು ಗಂಟೆಯ ಚಹಾ: ಕೆನೆ ಯಾರಿಗೆ, ಕುರ್ಚಿ ಯಾರಿಗೆ?

  ಇವತ್ತಿನ ಮಾತು ಚಹಾದ ಬಗ್ಗೆ. ಕೈಯಲ್ಲಿ ಒಂದು ಕಪ್ ಇದ್ರೆ ಇನ್ನೂ ಚಲೋ.

ಈ ಸಂಚಿಕೆಗೆ ಕಾರಣ ಒಂದು ವಾಯ್ಸ್ ಮೆಸೇಜು. ಕಳಿಸಿದ ಹುಡುಗ ಕುಷ್ಟಗಿ ಕಡೆಯವನು, ಮಂಗಳೂರಿನಲ್ಲಿ ಟೈಲ್ಸ್ ಕೆಲಸ ಮಾಡ್ತಾನೆ. ಅವನ ಮಾತಲ್ಲೇ ಹೇಳ್ತೀನಿ: "ಅಕ್ಕಾ, ಇಲ್ಲಿ ಪಣಂಬೂರಿಗೆ ಒಂದು ದೊಡ್ಡ ಬಿಳಿ ಹಡಗ ಬಂದೈತಿ. ಬಿಲ್ಡಿಂಗ ನೀರಾಗ ನಿಂತಂಗ ಕಾಣ್ತೈತಿ. ಅಂಥಾ ಹಡಗಿನಾಗ ಸಂಜಿ ನಾಕಕ್ಕ ಚಾ ಕೊಡ್ತಾರಂತ, ಚಾದ ಜೋಡಿ ಕೆನಿ ಹಚ್ಚಿದ ಬನ್ನಂತ. ವಿಡಿಯೋದಾಗ ನೋಡೀನಿ. ಅದೇನ್ ಅಷ್ಟ್ ದೊಡ್ಡ ಸುದ್ದಿ? ನಮ್ಮನಿ ಎಮ್ಮಿ ಹಾಲಿನ ಕೆನಿಗಿಂತ ಚಲೋ ಇರ್ತೈತೇನು?"

ನೋಡ್ರಿ, ಎಂಥ ಪ್ರಶ್ನೆ! ಮಳೆಗಾಲ ಮುಗಿದ ಮೇಲೆ ಹೊಸ ಮಂಗಳೂರು ಬಂದರಿಗೆ ವಿದೇಶದ ಕ್ರೂಸ್ ಹಡಗುಗಳು ಬರ್ತವೆ. ಪ್ರವಾಸಿಗರು ಇಳಿದು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆ ಸಾವಿರ ಕಂಬದ ಬಸದಿ ನೋಡಿ ಸಂಜೆಯೊಳಗೆ ಹಡಗಿಗೆ ವಾಪಸ್. ಅದೇ ಊರಲ್ಲಿ ಕೊಪ್ಪಳ, ಬಾಗಲಕೋಟೆ ಕಡೆಯಿಂದ ಹೋದ ನಮ್ಮ ಜನ ಕಟ್ಟಡ ಕಟ್ತಾ ಇರ್ತಾರೆ. ನಾಲ್ಕು ಗಂಟೆಗೆ ಇಬ್ಬರೂ ಚಹಾ ಕುಡೀತಾರೆ. ಒಬ್ಬರದ್ದು ಹಡಗಿನೊಳಗೆ, ಒಬ್ಬರದ್ದು ಸಿಮೆಂಟ್ ಚೀಲದ ಮೇಲೆ.

ನಾನು ಅಂಥ ಹಡಗು ಹತ್ತಿದವಳಲ್ಲ. ಯಲಬುರ್ಗಾ ತಾಲ್ಲೂಕಿನ ಹಳ್ಳಿಯಲ್ಲಿ ಬೆಳೆದು, ಬಿ.ಕಾಂ ಮಾಡಿ, ಕೊಪ್ಪಳದ ಬಾಡಿಗೆ ರೂಮಿನಲ್ಲಿ ಮೈಕ್ ಇಟ್ಕೊಂಡು ಮಾತಾಡೋಳು. ಆದರೆ ಬಿ.ಕಾಂ ಮಾಡಿದವರಿಗೆ ಒಂದು ಚಟ ಇರ್ತದೆ. ಯಾವ ವಸ್ತು ಕಂಡ್ರೂ ಇದರ ಖರ್ಚು ಯಾರ ಖಾತೆಗೆ, ಲಾಭ ಯಾರ ಖಾತೆಗೆ ಅಂತ ಬರೆದು ನೋಡೋದು. ಇವತ್ತು ಕೆನೆಯ ಲೆಕ್ಕ ಬರೆಯೋಣ.

ಮೊದಲು ಹಡಗಿನ ಚಹಾ ಏನು ಅಂತ ತಿಳ್ಕೊಳ್ಳೋಣ. ಕ್ವೀನ್ ಮೇರಿ 2 ಅಂತ ಒಂದು ಹಡಗಿದೆ. 2004ರಿಂದ ಓಡಾಡ್ತಿದೆ. ಅದರಲ್ಲಿ ಕ್ವೀನ್ಸ್ ರೂಮ್ ಅನ್ನೋ ದೊಡ್ಡ ಹಾಲ್. ಮಧ್ಯಾಹ್ನ ಮೂರೂವರೆ ಹೊತ್ತಿಗೆ ಅಲ್ಲಿ ವಾದ್ಯ ಶುರುವಾಗ್ತದೆ. ಬಿಳಿ ಕೈಗವಸು ಹಾಕಿದ ವೇಟರ್‌ಗಳು ಸಾಲಾಗಿ ಬಂದು ಚಹಾ ಬಗ್ಗಿಸ್ತಾರೆ. ಬೆರಳುದ್ದದ ಸ್ಯಾಂಡ್‌ವಿಚ್, ಸಣ್ಣ ಕೇಕ್, ಆಮೇಲೆ ಸ್ಕೋನ್. ಸ್ಕೋನ್ ಅಂದ್ರೆ ನಮ್ಮ ಬೇಕರಿ ಬನ್ನಿನ ಅಕ್ಕ ಅಂದ್ಕೊಳ್ರಿ. ಸಿಹಿ ಕಮ್ಮಿ, ಸ್ವಲ್ಪ ಉದುರು. ಅದನ್ನ ಅಡ್ಡಕ್ಕೆ ಬಿಡಿಸಿ, ಮೇಲೆ ಜಾಮ್, ಕ್ಲಾಟೆಡ್ ಕ್ರೀಮ್ ಹಚ್ಚೋದು.

ಇದರಲ್ಲೂ ಜಗಳ ಇದೆ. ಇಂಗ್ಲೆಂಡಿನ ಡೆವನ್ ಜಿಲ್ಲೆಯವರು ಮೊದಲು ಕೆನೆ, ಆಮೇಲೆ ಜಾಮ್ ಅಂತಾರೆ. ಪಕ್ಕದ ಕಾರ್ನ್‌ವಾಲ್‌ನವರು ಮೊದಲು ಜಾಮ್, ಆಮೇಲೆ ಕೆನೆ ಅಂತಾರೆ. ನಗಬೇಡ್ರಿ. ಒಗ್ಗರಣಿ ತಿನ್ನೋವಾಗ ಮಿರ್ಚಿ ಮುರಿದು ಕಲಸಿಕೊಳ್ಳೋದಾ, ಕಡಕೊಂಡು ತಿನ್ನೋದಾ ಅನ್ನೋ ಜಗಳ ನಮ್ಮಲ್ಲೂ ಇದೆ.

ಈ ಚಹಾ ಪದ್ಧತಿ ಶುರುವಾಗಿದ್ದು ಹಸಿವಿನಿಂದ. 1840ರ ಸುಮಾರಿಗೆ ಬೆಡ್‌ಫರ್ಡ್ ಮನೆತನದ ಡಚೆಸ್ ಆನಾ ಅಂತ ಒಬ್ಬಾಕೆ ಇದ್ದಳು. ಆಗ ಅಲ್ಲಿಯ ಶ್ರೀಮಂತರು ರಾತ್ರಿ ಊಟಕ್ಕೆ ಕೂರೋದು ಬಹಳ ತಡ. ಮಧ್ಯಾಹ್ನ ತಿಂದದ್ದು ಸಂಜೆ ಹೊತ್ತಿಗೆ ಕರಗಿ ಹೋಗ್ತಿತ್ತು. ಆಕೆ ಚಹಾ, ಬ್ರೆಡ್ಡು ತರಿಸ್ಕೊಂಡು ತಿನ್ನೋಕೆ ಶುರು ಮಾಡಿದಳು, ಗೆಳತಿಯರನ್ನೂ ಕರೆದಳು, ಅದೇ ಫ್ಯಾಷನ್ ಆಯ್ತು ಅಂತ ಅಲ್ಲಿಯವರು ಹೇಳ್ತಾರೆ.

ಆ ನಾಲ್ಕು ಗಂಟೆಯ ಹಸಿವು ನಮಗೆ ಹೊಸದೇನಲ್ಲ. ಗಂಗಾವತಿ ಕಡೆ ಭತ್ತದ ನಾಟಿ ಹಚ್ಚೋ ಹೆಣ್ಣುಮಕ್ಕಳನ್ನ ಕೇಳ್ರಿ. ಕೆಸರಿನಲ್ಲಿ ಬಗ್ಗಿದ ಸೊಂಟ, ಕಟ್ಟಿಕೊಂಡು ಬಂದ ಬುತ್ತಿ ಖಾಲಿ, ಹೊತ್ತು ಮುಳುಗೋಕೆ ಇನ್ನೂ ಎರಡು ತಾಸು. ಆಗ ಯಾರಾದ್ರೂ ಬದುವಿನ ಮೇಲೆ ಚಹಾದ ಕ್ಯಾನ್ ತಂದಿಟ್ರೆ, ಆ ಒಂದು ಗುಟುಕಿಗೆ ಡಚೆಸ್ಸಿನ ಚಹಾ ಸಾಟಿ ಅಲ್ಲ. ಹಸಿವು ಒಂದೇ. ವ್ಯತ್ಯಾಸ ಇಷ್ಟೇ: ಆಕೆ ಕೂತು ಕುಡಿದಳು. ಇವರು ಕೆಸರುಗಾಲಲ್ಲಿ ನಿಂತು ಕುಡಿದು ಮತ್ತೆ ಗದ್ದೆಗೆ ಇಳೀತಾರೆ.

ಈ 'ಕೂತು' ಅನ್ನೋ ಮಾತನ್ನ ಸ್ವಲ್ಪ ನೆನಪಿಟ್ಕೊಳ್ರಿ. ಇವತ್ತಿನ ಇಡೀ ಲೆಕ್ಕ ಅದರ ಮೇಲೆ ನಿಂತಿದೆ.

ಕ್ರೂಸ್ ಕಂಪನಿ ಮಾರೋದು ಚಹಾಪುಡಿ ಅಲ್ಲ, ಕೆನೆನೂ ಅಲ್ಲ. ಕೂತಿರೋ ಒಂದು ತಾಸನ್ನ ಮಾರ್ತದೆ. ನೀವು ಕೂತಿರಬೇಕು, ಇನ್ನೊಬ್ಬರು ತಂದುಕೊಡಬೇಕು, ಲೋಟ ಎತ್ತಿಡೋಕೂ ನೀವು ಏಳಬಾರದು. ಆ ಬಿಳಿ ಕೈಗವಸಿನೊಳಗಿನ ಕೈ ಎಷ್ಟೋ ಸಲ ನಮ್ಮ ದೇಶದವರದ್ದೇ. ಇಂಥ ಹಡಗುಗಳ ಅಡುಗೆಮನೆಯಲ್ಲಿ, ಬಡಿಸೋ ಕಡೆ, ರೂಮ್ ಸ್ವಚ್ಛ ಮಾಡೋ ಕಡೆ ಭಾರತದವರು, ಫಿಲಿಪ್ಪೀನ್ಸಿನವರು ಬಹಳ ಮಂದಿ. ಅವರ ಚಹಾ ಕೆಳಗಿನ ಅಂತಸ್ತಿನ ಸಿಬ್ಬಂದಿ ಮೆಸ್ಸಿನಲ್ಲಿ.

ನಮ್ಮ ಜಿಲ್ಲೆಗೂ ಒಂದು ಕ್ರೂಸ್ ಇದೆ. ನಗಬೇಡ್ರಿ ಅಂದೆನಲ್ಲ! ಗಂಗಾವತಿ ತಾಲ್ಲೂಕಿನ ಸಾಣಾಪುರ ಕೆರೆ. ಬಿದಿರಿನ ಹರಿಗೋಲು, ಈಗ ಎಲ್ಲರೂ ತೆಪ್ಪ ಅಂತಾರೆ. ಬಂಡೆಗಳ ನಡುವೆ ಒಂದು ಸುತ್ತು, ನಡುನೀರಿನಲ್ಲಿ ಅಂಬಿಗ ಗರಗರ ತಿರುಗಿಸ್ತಾನೆ, ನಾವು ಕಿರುಚಿ ರೀಲ್ಸ್ ಮಾಡ್ತೀವಿ.

ಈ ದೋಣಿಗೆ ದಾಖಲೆ ಇದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರಕ್ಕೆ ಬಂದಿದ್ದ. ಹೊಳೆ ದಾಟೋಕೆ ಬುಟ್ಟಿಯಂಥ ದುಂಡನೆ ದೋಣಿ ಇವೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನ ಹೊರ್ತವೆ, ಕುದುರೆ ಎತ್ತುಗಳೂ ದಾಟ್ತವೆ, ನೆಟ್ಟಗೆ ಹೋಗಲ್ಲ ತಿರುಗ್ತಾ ಹೋಗ್ತವೆ ಅಂತ ಬರೆದಿಟ್ಟಿದ್ದಾನೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಬಂದಿದೆ, ಅಷ್ಟೇ. ಆನೆಗೊಂದಿ ಕಡೆ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದು ಬಿದ್ದ ಮೇಲೂ ಜನರನ್ನ ಆಚೆ ದಡ ಮುಟ್ಟಿಸಿದ್ದು ದೋಣಿ ಹಾಕೋ ಇದೇ ಜನ.

ಸಾಣಾಪುರದಲ್ಲಿ ಒಂದು ಸಲ ನಾವು ನಾಲ್ಕು ಮಂದಿ ಗೆಳತಿಯರು ತೆಪ್ಪ ಇಳಿದು ದಡದ ಗೂಡಂಗಡಿಯಲ್ಲಿ ಚಹಾ, ಮಿರ್ಚಿ ಹೇಳಿದ್ವಿ. ನಮ್ಮನ್ನ ಕರ್ಕೊಂಡು ಬಂದ ಅಂಬಿಗ ಕಾಕಾ ಹುಟ್ಟು ಹಿಡ್ಕೊಂಡು ಅಲ್ಲೇ ನಿಂತಿದ್ರು. "ಕಾಕಾ, ನೀವೂ ಬರ್ರಿ, ಚಾ ಕುಡಿಯೂಣು" ಅಂದೆ. "ಇರ್ಲಿ ಬಿಡವ್ವ, ನೀವ್ ಕುಡೀರಿ" ಅಂದ್ರು. ಎರಡನೇ ಸಲ ಕರೆದಾಗ ಬಂದ್ರು. ಲೋಟ ತಗೊಂಡು ನಿಂತೇ ಕುಡಿಯೋಕೆ ಶುರು ಮಾಡಿದ್ರು. "ಕುಂದರ್ರಿ ಕಾಕಾ" ಅಂತ ಬೆಂಚಿನ ತುದಿ ಸರಿಸಿಕೊಟ್ವಿ. ಕೂತರು. ಕೂತ ಮೇಲೆ ಮಾತು ಬಂತು: ಯಾವ ಗಾಳಿಗೆ ತೆಪ್ಪ ಹೆಂಗ ತಿರುಗ್ತದೆ, ನೀರು ಏರಿದಾಗ ಎಷ್ಟು ದಿನ ಕೆಲಸ ಇರಲ್ಲ, ಮಗ ಬೆಂಗಳೂರಿಗೆ ಹೋಗಿ ಎಷ್ಟು ವರ್ಷ ಆಯ್ತು. ತೆಪ್ಪದಲ್ಲಿ ಒಂದೂ ಮಾತಾಡದ ಮನುಷ್ಯ ಬೆಂಚಿನ ಮೇಲೆ ಅರ್ಧ ತಾಸು ಮಾತಾಡಿದ್ರು.

ಈಗ ಕೆನೆಗೆ ಬರೋಣ. ಕುಷ್ಟಗಿ ತಮ್ಮ ಕೇಳಿದ್ದು ಅದೇ ಅಲ್ವಾ, ಅವರ ಕೆನಿ ಚಲೋನಾ ನಮ್ಮದು ಚಲೋನಾ ಅಂತ.

ಕ್ಲಾಟೆಡ್ ಕ್ರೀಮ್ ಅಂದ್ರೆ ಗಟ್ಟಿಗಟ್ಟಿದ ಕೆನೆ. ಹಾಲಿನ ಕೊಬ್ಬು ನೀರಿಗಿಂತ ಹಗುರ, ಹಂಗಾಗಿ ಮೇಲೆ ತೇಲಿ ಬರ್ತದೆ. ಅಗಲವಾದ ಪಾತ್ರೆಯಲ್ಲಿ ಸಣ್ಣ ಶಾಖ ಕೊಟ್ಟು, ಕುದಿ ಬರಿಸದೆ, ತಾಸುಗಟ್ಟಲೆ ಕಾಸಿ, ಅಲುಗಾಡಿಸದೆ ಆರೋಕೆ ಬಿಟ್ರೆ ಆ ಕೊಬ್ಬು ಮೇಲೆ ದಪ್ಪ ಪದರ ಕಟ್ತದೆ. ಮೇಲೆ ಬಂಗಾರದ ಬಣ್ಣದ ತೊಗಟೆ, ಕೆಳಗೆ ಬೆಣ್ಣೆಗೂ ಕೆನೆಗೂ ನಡುವಿನ ಮೆದು. 'ಕಾರ್ನಿಶ್ ಕ್ಲಾಟೆಡ್ ಕ್ರೀಮ್' ಅನ್ನೋ ಹೆಸರಿಗೆ 1998ರಲ್ಲಿ ಯುರೋಪಿನಲ್ಲಿ ಕಾನೂನಿನ ರಕ್ಷಣೆ ಸಿಕ್ತು, ನಮ್ಮ ಜಿಐ ಟ್ಯಾಗ್ ಥರ. ಕಾರ್ನ್‌ವಾಲ್‌ನ ಹಾಲಿನಿಂದ, ಅಲ್ಲೇ ಮಾಡಿರಬೇಕು, ಕೊಬ್ಬು ಕನಿಷ್ಠ 55 ಪರ್ಸೆಂಟ್ ಇರಬೇಕು. ಟರ್ಕಿಯಲ್ಲೂ ಇಂಥದ್ದೊಂದು ಇದೆ, ಕಾಯ್ಮಾಕ್ ಅಂತಾರೆ. ಅದನ್ನ ಹಿಂದಿನಿಂದ ಎಮ್ಮೆ ಹಾಲಿನಿಂದಲೇ ಮಾಡ್ತಾ ಬಂದಿದ್ದಾರೆ.

ಇನ್ನು ನಮ್ಮ ಅಜ್ಜಿಯಂದಿರನ್ನ ನೆನಪು ಮಾಡ್ಕೊಳ್ರಿ. ಕುಳ್ಳಿನ ಬೆಂಕಿ. ಉರಿ ಇಲ್ಲ, ಬರೀ ಕೆಂಡ. ಅದರ ಮೇಲೆ ಮಣ್ಣಿನ ಗಡಿಗೆಯಲ್ಲಿ ಎಮ್ಮೆ ಹಾಲು. ಹೊಲದಿಂದ ಬರೋವರೆಗೂ ಹಾಲು ತನ್ನಷ್ಟಕ್ಕೆ ಕಾಯ್ತಾ ಇರ್ತಿತ್ತು. ಸಂಜೆ ನೋಡಿದ್ರೆ ಹಾಲು ಕೆಂಪಗೆ, ಮೇಲೆ ಬೆರಳಿನ ದಪ್ಪ ಕೆನಿ. ಆ ಹೊಗೆಯ ವಾಸನೆ ಯಾವ ಹಡಗಿನಲ್ಲೂ ಸಿಗಲ್ಲ. ಸಣ್ಣ ಶಾಖ, ಬಹಳ ಹೊತ್ತು, ಅಲುಗಾಡಿಸಬಾರದು. ಎರಡೂ ಕಡೆ ವಿದ್ಯೆ ಒಂದೇ. ಅವರು ಅದಕ್ಕೊಂದು ಹೆಸರು, ಡಬ್ಬಿ, ಕಾನೂನು ಮಾಡಿಕೊಂಡರು. ನಾವು ಗ್ಯಾಸ್ ಒಲೆ ಬಂದ ಮೇಲೆ ಗಡಿಗೆ ಅಟ್ಟಕ್ಕೆ ಏರಿಸಿದ್ವಿ.

ಮಾಡಿ ನೋಡೋ ಮನಸ್ಸಿದ್ರೆ ಕೇಳ್ರಿ. ಎರಡು ಲೀಟರ್ ಎಮ್ಮೆ ಹಾಲು, ನೀರು ಬೆರೆಸದ್ದು. ಅಗಲವಾದ, ತಳ ದಪ್ಪ ಇರೋ ಪಾತ್ರೆ. ಗ್ಯಾಸ್ ಅತಿ ಸಣ್ಣಗೆ, ಅಡಿಯಲ್ಲೊಂದು ರೊಟ್ಟಿ ಹಂಚು ಇಟ್ರೆ ಇನ್ನೂ ಚಲೋ. ಹಾಲು ಹಬೆಯಾಡಬೇಕು, ಉಕ್ಕಬಾರದು. ಎರಡು ಮೂರು ತಾಸು ಬಿಟ್ಟು, ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಒಂದು ರಾತ್ರಿ ಫ್ರಿಜ್ಜಿನಲ್ಲಿಡ್ರಿ. ಬೆಳಿಗ್ಗೆ ಸೌಟಿನಿಂದ ಮೆಲ್ಲಗೆ ಎತ್ತಿದ್ರೆ ಚಪ್ಪಡಿ ಹಂಗೆ ಬರ್ತದೆ. ಇಂಗ್ಲೆಂಡಿನದ್ದಷ್ಟು ಕೊಬ್ಬು ಇದರಲ್ಲಿರಲ್ಲ, ರುಚಿ ಮಾತ್ರ ಅದರ ಓಣಿಯದ್ದೇ. ಟೋನ್ಡ್ ಹಾಲಿನ ಪ್ಯಾಕೆಟ್ ತಂದು ಮಾಡಬೇಡ್ರಿ. ಅದರಲ್ಲಿ ಕೊಬ್ಬು 3 ಪರ್ಸೆಂಟ್. ಹೋಮೋಜಿನೈಸ್ಡ್ ಅಂತ ಬರೆದಿದ್ರೆ ಕೊಬ್ಬಿನ ಹನಿಗಳನ್ನ ಒಡೆದು ಹಾಲಿನಲ್ಲೇ ಬೆರೆಸಿರ್ತಾರೆ, ಮೇಲೆ ತೇಲೋಕೆ ಏನೂ ಉಳಿದಿರಲ್ಲ. ಪ್ಯಾಕೆಟ್ ಹಾಲಿಗೆ ಕೆನಿ ಬರಲ್ಲ ಅಂತ ಅವ್ವ ಬೈತಾಳಲ್ಲ, ಅದಕ್ಕೆ ಕಾರಣ ಇದು.

ಈಗ ಲೆಕ್ಕ. ಪೆನ್ ತಗೊಳ್ರಿ.

ಎಮ್ಮೆ ಹಾಲಿನಲ್ಲಿ ಕೊಬ್ಬು ಆರೇಳು ಪರ್ಸೆಂಟ್. ಆಕಳ ಹಾಲಿನಲ್ಲಿ ಮೂರೂವರೆ, ನಾಲ್ಕು. ಏಳು ಅಂತ ಹಿಡಿದ್ರೆ ಒಂದು ಲೀಟರ್ ಎಮ್ಮೆ ಹಾಲಿನಲ್ಲಿ ಸುಮಾರು 70 ಗ್ರಾಂ ಕೊಬ್ಬು. ಇಂಗ್ಲೆಂಡಿನ ಲೆಕ್ಕದ ಕ್ರೀಮ್ 100 ಗ್ರಾಂ ಬೇಕಂದ್ರೆ 55 ಗ್ರಾಂ ಕೊಬ್ಬು ಬೇಕು. ಅಂದ್ರೆ ಹತ್ತಿರಹತ್ತಿರ 800 ಮಿಲಿ ಎಮ್ಮೆ ಹಾಲಿನ ಪೂರ್ತಿ ಕೆನೆ. ತುಪ್ಪಕ್ಕೆ ಬಂದ್ರೆ, ಒಂದು ಕೆಜಿಗೆ ಸುಮಾರು 15 ಲೀಟರ್ ಹಾಲಿನ ಕೆನೆ ಬೇಕು. ದಿನಕ್ಕೆ ಎರಡು ಲೀಟರ್ ಮನೆಗೆ ಉಳಿಸಿಕೊಳ್ಳೋರು ಒಂದು ವಾರ ಕೆನೆ ಕೂಡಿಹಾಕಿದ್ರೆ ಒಂದು ಕೆಜಿ ತುಪ್ಪ. ಆ ಒಂದು ವಾರ ಮನೆಯವರ ಚಹಾಕ್ಕೆ ಕೆನೆ ತೆಗೆದ ಹಾಲು.

ಊರಿನ ಡೈರಿಯಲ್ಲೂ ಇದೇ ಮಾತು. ನಮ್ಮ ಕಡೆ ಹಾಲು ಸಂಘದಿಂದ ಹೋಗೋದು ರಾಬಕೊವಿ ಒಕ್ಕೂಟಕ್ಕೆ. ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳ ಮೊದಲಕ್ಷರ ಸೇರಿಸಿದ ಹೆಸರು. ಡೈರಿಯಲ್ಲಿ ಕ್ಯಾನು ಸುರಿದ ಕೂಡಲೇ ಫ್ಯಾಟ್ ನೋಡ್ತಾರೆ, ಎಸ್‌ಎನ್‌ಎಫ್ ನೋಡ್ತಾರೆ, ಚೀಟಿ ಬರ್ತದೆ. ರೊಕ್ಕ ಬರೋದು ಹಾಲಿನ ಬಿಳಿ ಬಣ್ಣಕ್ಕಲ್ಲ, ಒಳಗಿರೋ ಕೊಬ್ಬಿಗೆ, ಗಟ್ಟಿ ಅಂಶಕ್ಕೆ. ಜೊತೆಗೆ ರಾಜ್ಯ ಸರ್ಕಾರದ ಪ್ರೋತ್ಸಾಹಧನ.

ನಮ್ಮ ಮನೆಯಲ್ಲಿ ಈ ಲೆಕ್ಕ ಹಿಂಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ತೆಗೆಯೋದು ಅವ್ವ. ಮೇವು ಹಾಕೋದು ಅವ್ವ. ನೀರು ಕುಡಿಸೋದು, ಹಿಂಡೋದು, ಕಾಸೋದು, ಕೆನೆ ತೆಗೆದು ಗಡಿಗೆಗೆ ಹಾಕೋದು, ಹೆಪ್ಪು ಹಾಕಿ ಕಡೆಯೋದು, ಎಲ್ಲಾ ಅವ್ವ. ತುಪ್ಪ ಮಾರಿದ ರೊಕ್ಕ ಬೀಜ ಗೊಬ್ಬರಕ್ಕೆ, ನಮ್ಮ ಫೀಸಿಗೆ. ಹಬ್ಬದ ದಿನ ಗಡಿಗೆಯ ಕೆನಿಗೆ ಬೆಲ್ಲ ಹಾಕಿ ರೊಟ್ಟಿಗೆ ಹಚ್ಚಿ ನಮಗೆ ಕೊಡೋಳು. "ನಿನಗವ್ವ?" ಅಂದ್ರೆ "ನನಗ ಕೆನಿ ಸೇರೂದಿಲ್ಲ" ಅನ್ನೋಳು. ನಾನು ಬಿ.ಕಾಂ ಎರಡನೇ ವರ್ಷದಲ್ಲಿದ್ದಾಗ ಒಂದು ಮದುವೆ ಮನೆಯಲ್ಲಿ ಅವ್ವ ಬಾಸುಂದಿಯ ಮೇಲಿನ ಕೆನೆಯನ್ನ ಎರಡು ಸಲ ಹಾಕಿಸ್ಕೊಂಡು ತಿಂದಿದ್ದನ್ನ ನೋಡಿದೆ. ಸೇರ್ತಿತ್ತು. ಬಹಳ ಸೇರ್ತಿತ್ತು.

ಅಕೌಂಟ್ಸ್‌ನಲ್ಲಿ ಒಂದು ನಿಯಮ ಕಲಿಸ್ತಾರೆ. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಲೇಬೇಕು. ಯಾರೋ ಒಬ್ಬರ ಲೋಟಕ್ಕೆ ಕೆನೆ ಬಂದಿದೆ ಅಂದ್ರೆ ಇನ್ನೊಬ್ಬರ ಲೋಟದಿಂದ ಹೋಗಿದೆ. ಆ ಇನ್ನೊಬ್ಬರು ಯಾವತ್ತೂ "ನನಗೆ ಸೇರಲ್ಲ" ಅಂತಲೇ ಹೇಳಿರ್ತಾರೆ.

ಕನ್ನಡದಲ್ಲಿ ಈ ಕೆನೆ ಅನ್ನೋ ಪದ ಹಾಲು ಬಿಟ್ಟು ಬೇರೆ ಕಡೆಯೂ ಬರ್ತದೆ. ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕಿದವರಿಗೆಲ್ಲ ಗೊತ್ತು: ಕೆನೆಪದರ. ಹಿಂದುಳಿದ ವರ್ಗದಲ್ಲಿ ಮೇಲೆ ಬಂದವರಿಗೆ ಮೀಸಲಾತಿ ಬೇಡ ಅಂತ 1992ರಲ್ಲಿ ಸುಪ್ರೀಂ ಕೋರ್ಟ್ ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಹೇಳಿದ ಮೇಲೆ ಈ ಮಾತು ಮನೆಮನೆಗೆ ಬಂತು. ಸಮಾಜ ಅನ್ನೋದೂ ಒಂದು ಹಾಲಿನ ಪಾತ್ರೆ, ಮೇಲೊಂದು ಪದರ ಕಟ್ತದೆ ಅಂತ ನಮ್ಮ ಭಾಷೆಗೇ ಗೊತ್ತಿದೆ. ತಳ ಹಿಡಿದವರ ಕಥೆ ಏನು? ಅದಕ್ಕೆ ಚಹಾದಂಗಡಿಯ ಒಳಗೇ ಹೋಗಬೇಕು.

ಚಹಾ ನಮ್ಮ ಊರಿನದ್ದಲ್ಲ. ನೂರಾ ಇಪ್ಪತ್ತು ವರ್ಷದ ಹಿಂದೆ ನಮ್ಮ ಹಳ್ಳಿಗಳಿಗೆ ಅದರ ರೂಢಿ ಇರಲಿಲ್ಲ. ಬ್ರಿಟಿಷರು ಅಸ್ಸಾಮಿನಲ್ಲಿ ಬೆಳೆದು ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸ್ತಿದ್ರು. 1903ರಲ್ಲಿ ಚಹಾದ ಮೇಲೆ ಸೆಸ್ ಹಾಕುವ ಕಾಯ್ದೆ ಬಂತು. ಆ ಹಣದಿಂದ ಪ್ರಚಾರ ಶುರುವಾಯ್ತು. ಆಮೇಲಿನ ದಶಕಗಳಲ್ಲಿ ಸಂತೆ, ರೈಲ್ವೆ ಸ್ಟೇಷನ್, ಕಾರ್ಖಾನೆ ಎಲ್ಲಾ ಕಡೆ ಚಹಾ ಕುಡಿಯೋದು ಕಲಿಸಿದ್ರು. ಇಂಗ್ಲಿಷರ ಥರ ಚೂರು ಹಾಲು ಹಾಕಿ ಕುಡೀರಿ ಅಂತ ಅವರು ಕಲಿಸಿದ್ರೆ, ನಮ್ಮ ಅಂಗಡಿಯವರು ಹಾಲು, ಸಕ್ಕರೆ, ಯಾಲಕ್ಕಿ ಶುಂಠಿ ಎಲ್ಲಾ ಹಾಕಿ ಕುದಿಸಿ ತಮ್ಮದೇ ಮಾಡ್ಕೊಂಡ್ರು. ಕಪ್ಪು ಬಸಿ ಬಂತು. ಬಸಿಗೆ ಸುರುವಿ ಸುರ್ ಅಂತ ಕುಡಿಯೋದು ಬಂತು. ಕಟ್ ಚಾ ಬಂತು.

ಒಂದು ಹೊಸ ಪಾನೀಯ, ಒಂದು ಹೊಸ ಜಾಗ. ದೇವಸ್ಥಾನಕ್ಕೆ, ಬಾವಿಗೆ ಹಳೇ ಕಟ್ಟಳೆ ಇದ್ವು. ಚಹಾದಂಗಡಿಗೆ ಯಾವ ಕಟ್ಟಳೆಯೂ ಇರಲಿಲ್ಲ. ಎಲ್ಲರೂ ಒಂದೇ ಬೆಂಚಿನ ಮೇಲೆ ಕೂರಬಹುದಿತ್ತು. ಎಷ್ಟೋ ಹಳ್ಳಿಗಳಲ್ಲಿ ಹಂಗಾಗಲಿಲ್ಲ. ಬೆಂಚು ಕೆಲವರಿಗೆ, ಹೊರಗಿನ ಕಟ್ಟೆ ಕೆಲವರಿಗೆ. ಒಳಗಿನವರಿಗೆ ಗಾಜಿನ ಲೋಟ, ಹೊರಗಿನವರಿಗೆ ಬೇರೆ ಲೋಟ, ತೊಳೆದಿಡೋದೂ ಅವರೇ. ಈಗ ಪೇಪರ್ ಕಪ್ ಬಂದ ಮೇಲೆ ಬೇರೆ ಲೋಟ ಕಣ್ಣಿಗೆ ಕಾಣಲ್ಲ. ಎಲ್ಲಿ ಕೂರಬೇಕು ಅನ್ನೋದು ಕಾಣ್ತದೆ.

ಇದು ಅಜ್ಜನ ಕಾಲದ ಕಥೆ ಅಂದ್ಕೊಂಡ್ರೆ ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನ ನೆನಪಿಸಿಕೊಳ್ರಿ. 2014ರ ಆಗಸ್ಟ್. ಕ್ಷೌರದ ಅಂಗಡಿಗೆ, ಹೋಟೆಲಿಗೆ ದಲಿತರನ್ನ ಬಿಡಲ್ಲ ಅನ್ನೋ ವಿಷಯದಲ್ಲಿ ಊರು ಕುದೀತಿತ್ತು. ಸಿನಿಮಾ ಟಾಕೀಸಿನ ಒಂದು ಜಗಳ ನೆಪ ಆಯ್ತು. ದಲಿತರ ಕೇರಿಗೆ ನುಗ್ಗಿ ಹೊಡೆದು ಗುಡಿಸಲುಗಳಿಗೆ ಬೆಂಕಿ ಹಚ್ಚಿದ್ರು. ಹತ್ತು ವರ್ಷ ಕೇಸು ನಡೀತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, 3 ಮಂದಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಆಮೇಲೆ ಪ್ರಕರಣ ಹೈಕೋರ್ಟಿಗೆ ಹೋಗಿ ಬಹುತೇಕರಿಗೆ ಜಾಮೀನು ಸಿಕ್ತು. ಕಾನೂನಿನ ದಾರಿ ಅದರ ಪಾಡಿಗೆ ಅದು. ನಾನು ಹೇಳೋದು ಒಂದೇ: ನಮ್ಮ ಜಿಲ್ಲೆಯಲ್ಲಿ, ನಾನು ಕಾಲೇಜಿಗೆ ಹೋಗ್ತಿದ್ದ ವರ್ಷಗಳಲ್ಲಿ, ಒಂದು ಹೋಟೆಲಿನ ಒಳಗೆ ಹೋಗಿ ಎಲ್ಲರ ಹಂಗೆ ಕೂರೋ ಹಕ್ಕು ಕೇಳಿದ್ದಕ್ಕೆ ಮನೆಗಳು ಸುಟ್ಟವು.

ಹಡಗಿನ ಚಹಾಕ್ಕೆ ರೊಕ್ಕ ಇದ್ರೆ ಸಾಕು. ಇಲ್ಲಿ ಕೈಯಲ್ಲಿ ಹತ್ತು ರೂಪಾಯಿ ಇದ್ರೂ ಬೆಂಚು ಸಿಗಲ್ಲ.

ಇದೇ ಜಿಲ್ಲೆಗೆ ಎಲ್ಲರನ್ನೂ ಕೂರಿಸೋದು ಗೊತ್ತಿಲ್ಲ ಅಂತಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಬರ್ರಿ. ಮಹಾದಾಸೋಹ. ಊರೂರಿನಿಂದ ರೊಟ್ಟಿ ಬರ್ತವೆ, ಒಂದು ದಿನ ಲಕ್ಷಗಟ್ಟಲೆ ಮಿರ್ಚಿ ಕರೀತಾರೆ. ಪಕ್ಕದವರು ಯಾರು, ಯಾವ ಊರು ಅಂತ ಯಾರೂ ಕೇಳಲ್ಲ. ಸಾಲಿನಲ್ಲಿ ಕೂತು ತಿಂದು ಎದ್ದು ಹೋಗ್ತೀವಿ. ಜಾತ್ರೆಯಲ್ಲಿ ಆಗೋದು ಊರಿನ ಹೋಟೆಲಿನಲ್ಲಿ ಯಾಕೆ ಆಗಬಾರದು? ಅದೇ ಮಿರ್ಚಿ, ಅದೇ ಕೈ, ಅದೇ ಜನ.

ಇನ್ನು ಹೆಣ್ಣುಮಕ್ಕಳ ಬೆಂಚು. ಹಳ್ಳಿಯ ಚಹಾದಂಗಡಿಯಲ್ಲಿ ಹೆಂಗಸರು ಕೂತಿದ್ದನ್ನ ಎಷ್ಟು ಸಲ ನೋಡಿದ್ದೀರಿ? ಸಂತೆ ದಿನ ಬಿಟ್ರೆ ಬಹಳ ಕಮ್ಮಿ. ಒಂದು ತಾಲ್ಲೂಕಿನ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ನಾನು ಮತ್ತು ಅವ್ವ ಹೋಗಿ ಎರಡು ಚಹಾ ಹೇಳಿದ್ವಿ. ಅಂಗಡಿಯ ಹುಡುಗ ಬಹಳ ಮರ್ಯಾದೆಯಿಂದಲೇ ಕೇಳಿದ: "ಪಾರ್ಸಲ್ ಕಟ್ಲೇನ್ರಿ ಅಕ್ಕಾರ?" ಬೆಂಚು ಖಾಲಿ ಇತ್ತು. ಅವನು ಕೆಟ್ಟವನಲ್ಲ. ಹೆಂಗಸರು ಅಂದ್ರೆ ಪಾರ್ಸಲ್ ಅಂತ ಅವನ ಕೈಗೆ ರೂಢಿ. ದೊಡ್ಡ ಹೋಟೆಲ್ ಆದ್ರೆ ಪರದೆ ಹಾಕಿದ ಫ್ಯಾಮಿಲಿ ರೂಮ್. "ಇಲ್ಲೇ ಕುಡೀತೀವಪ್ಪಾ" ಅಂತ ಅವ್ವನ್ನ ಕೂರಿಸಿದೆ. ಅವ್ವ ಸೆರಗು ಸರಿ ಮಾಡ್ಕೊಂಡು ಬೆಂಚಿನ ತುದಿಯಲ್ಲಿ, ಈಗ ಏಳಬೇಕು ಅನ್ನೋರ ಥರ ಕೂತಳು. ಎರಡು ಗುಟುಕು ಆದ ಮೇಲೆ ಹಿಂದಕ್ಕೆ ಸರಿದು ಕೂತಳು. "ಚಾ ಚಲೋ ಮಾಡ್ಯಾನ" ಅಂದಳು. ಮೂವತ್ತು ವರ್ಷ ಊರಿಗೆಲ್ಲ ಹಾಲು ಹಾಕಿದ ಹೆಂಗಸು, ಇನ್ನೊಬ್ಬರು ಮಾಡಿದ ಚಹಾವನ್ನ ಕೂತು ಕುಡಿದು ಚಲೋ ಅಂದಿದ್ದು ನಾನು ಕೇಳಿದ್ದು ಅದೇ ಮೊದಲು.

ಇಷ್ಟಾದ ಮೇಲೆ ಕುಷ್ಟಗಿ ತಮ್ಮನಿಗೆ ಉತ್ತರ ಹೇಳಬಹುದು. ಕೆನಿ ವಿಷಯಕ್ಕೆ, ನಿಮ್ಮನಿ ಎಮ್ಮಿ ಯಾರಿಗೂ ಸೋಲೂದಿಲ್ಲಪ್ಪ. ಆ ಹಡಗಿನವರ ಹತ್ತಿರ ಇರೋದು, ನಿಮ್ಮ ಸೈಟಿನಲ್ಲಿ ಇಲ್ಲದ್ದು, ಕೆನಿ ಅಲ್ಲ. ಒಂದು ಕುರ್ಚಿ, ಅವಸರ ಇಲ್ಲದ ಅರ್ಧ ತಾಸು, ನೀನು ಯಾರು ಅಂತ ಕೇಳದ ಒಂದು ಟೇಬಲ್. ಅವರು ಅದಕ್ಕೆ ಬೆಲೆ ಕಟ್ಟಿ ಮಾರ್ತಾರೆ. ನಾವು ರೊಕ್ಕ ಇಲ್ಲದೆ ಕೊಡಬಹುದು, ಮನಸ್ಸು ಮಾಡಿದ್ರೆ.

ಮಾಡೋಕೆ ಮೂರು ಕೆಲಸ ಹೇಳ್ತೀನಿ, ದೊಡ್ಡವೇನಲ್ಲ.

ಒಂದು, ಮನೆಯಲ್ಲಿ ಎಮ್ಮೆ ಇದ್ರೆ, ಹಾಲು ಹಿಂಡೋರ ಹೆಸರಿನಲ್ಲಿ ಡೈರಿ ಸಂಘದ ಸದಸ್ಯತ್ವ ಇದೆಯಾ, ರೊಕ್ಕ ಯಾರ ಖಾತೆಗೆ ಬೀಳ್ತದೆ ನೋಡ್ರಿ. ಹೆಣ್ಣುಮಕ್ಕಳೇ ನಡೆಸೋ ಮಹಿಳಾ ಹಾಲು ಉತ್ಪಾದಕರ ಸಂಘಗಳೂ ಇವೆ, ಹತ್ತಿರ ಇದ್ರೆ ವಿಚಾರಿಸ್ರಿ. ಕೆನಿ ಅವ್ವ ತಿನ್ನಲಿ ಬಿಡಲಿ, ಪಾಸ್‌ಬುಕ್ ಅವ್ವನ ಹೆಸರಲ್ಲಿರಲಿ.

ಎರಡು, ನಿಮ್ಮ ಊರಿನ ಹೋಟೆಲಿನಲ್ಲಿ ಯಾರಾದ್ರೂ ಹೊರಗೆ ನಿಂತು ಕುಡೀತಿದ್ರೆ, ಯಾಕೆ ಅಂತ ಗಮನಿಸ್ರಿ. ಹೋಟೆಲ್, ಅಂಗಡಿಗೆ ಜಾತಿ ಕಾರಣಕ್ಕೆ ಯಾರನ್ನೂ ತಡೆಯೋ ಹಾಗಿಲ್ಲ ಅಂತ ಸಂವಿಧಾನದ 15ನೇ ವಿಧಿ ಹೇಳ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿದೆ. ಹೋಟೆಲಿನ ಪಾತ್ರೆ ಬಳಸೋಕೆ ಬಿಡದೇ ಇರೋದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ದೂರು ಹೇಳೋಕೆ ರಾಷ್ಟ್ರೀಯ ಸಹಾಯವಾಣಿ 14566. ಫೋನಿನಲ್ಲಿ ಸೇವ್ ಮಾಡ್ಕೊಳ್ರಿ. ನಿಮಗೆ ಬೇಕಾಗದೆ ಇರಬಹುದು, ಪಕ್ಕದವರಿಗೆ ಬೇಕಾಗಬಹುದು.

ಮೂರು, ಈ ವಾರ ಒಂದು ದಿನ ನಾಲ್ಕು ಗಂಟೆಗೆ ಯಾರನ್ನಾದ್ರೂ ಕೂರಿಸಿ ಚಹಾ ಕುಡಿಸ್ರಿ. ಯಾವಾಗಲೂ ನಿಂತು ಕುಡಿಯೋರನ್ನ. ನಿಮ್ಮ ಮನೆಗೆ ಬಣ್ಣ ಹಚ್ಚೋಕೆ ಬಂದವರು, ಗಾಡಿ ತುಂಬೋ ಹಮಾಲರು, ಅತ್ತಿಗೆ, ಅವ್ವ, ಯಾರಾದ್ರೂ ಆಗಬಹುದು. ಚಹಾ ನೀವು ಮಾಡ್ರಿ. ಕುರ್ಚಿ ಅವರಿಗೆ ಕೊಡ್ರಿ. ಹಾಲು ಎಮ್ಮೆಯದ್ದಾಗಿದ್ರೆ ಮೇಲಿನ ಕೆನಿ ಅವರ ಕಪ್ಪಿಗೇ ಬೀಳಲಿ. "ಬ್ಯಾಡ, ನನಗ ಸೇರೂದಿಲ್ಲ" ಅಂದ್ರೆ ಇನ್ನೊಂದು ಸಲ ಕೇಳ್ರಿ. ಎರಡನೇ ಸಲಕ್ಕೆ ಉತ್ತರ ಬದಲಾಗ್ತದೆ, ನನಗೆ ಗೊತ್ತು.

ಕೂತ ಮೇಲೆ ಅವರು ಏನು ಮಾತಾಡಿದ್ರು ಅಂತ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸ್ರಿ. ಮುಂದಿನ ಸಂಚಿಕೆ ನಿಮ್ಮ ದನಿಯಲ್ಲೇ ಮಾಡೋಣ. ಅಲ್ಲಿವರೆಗೆ, ಬರ್ತೀನ್ರಿ.